ಇಂಡಿಯಾದಲ್ಲಿರುವ ರಘು

ಕಿಟಕಿಯ ಹಿಂದಿನ ಅಧಿಕಾರಿ ಅರವಿಂದನ ಮುಖವನ್ನು ನೋಡಲೇ ಇಲ್ಲ. ಮೊದಲು ಅಂಗಿಯನ್ನು ನೋಡಿದ, ಆಮೇಲೆ ಕುರ್ಚಿಯಿಂದ ಅರ್ಧ ಎದ್ದು ಪ್ಯಾಂಟನ್ನು ನೋಡಿದ. ನೋಡಿ, ಕೇಳಿ ಕೇಳಿ ಸಾಕಾದ ಜೋಕನ್ನು ಮತ್ತೊಬ್ಬರ ಬಾಯಲ್ಲಿ ಕೇಳಬೇಕಾಗಿ ಬಂದವನ ಹಾಗೆ ಉಸಿರು ಬಿಟ್ಟ. 'ಸರ್, ನೀವು ಕೈದಿಯ ಡ್ರೆಸ್ಸಿನಲ್ಲಿ ಬಂದಿದ್ದೀರಿ. ಒಳಗಿರುವವರಿಗೆಲ್ಲ ನೀಲಿ ಡೆನಿಮ್, ಮೇಲೂ ಕೆಳಗೂ. ಏನಾದರೂ ಗಲಾಟೆ ಆಯಿತು ಅಂತಿಟ್ಟುಕೊಳ್ಳಿ, ಯಾರನ್ನು ಮನೆಗೆ ಕಳಿಸಬೇಕು, ಯಾರನ್ನು ಇಟ್ಟುಕೊಳ್ಳಬೇಕು ಅಂತ ನಾನು ಹೇಗೆ ಹೇಳಲಿ?' ಅರವಿಂದ ತನ್ನನ್ನು ತಾನೇ ಮೇಲಿಂದ ಕೆಳಗೆ ನೋಡಿಕೊಂಡ. ಜೀನ್ಸು ಸರಿಯೇ, ಭಾನುವಾರ ಎಲ್ಲರೂ ಹಾಕುವಂಥದು. ಅಂಗಿ ಮಾತ್ರ ಹಾಗೆ ಸುಮ್ಮನೆ ಬಂದದ್ದಲ್ಲ. ಕಂಪನಿಯ ಹೊಸ ರೌಟರು ಮಾರುಕಟ್ಟೆಗೆ ಬಂದ ದಿನ ಡೈರೆಕ್ಟರುಗಳಿಗೆ ಮಾತ್ರ ಹಂಚಿದ್ದು. ಜೇಬಿನ ಮೇಲೆ ಬಿಳಿ ದಾರದಲ್ಲಿ ಕಂಪನಿಯ ಹೆಸರು. ಕ್ಯುಪರ್ಟಿನೋದ ಗ್ರೋಸರಿ ಅಂಗಡಿಗೆ ಇದನ್ನು ಹಾಕಿಕೊಂಡು ಹೋದರೆ ಅಪರಿಚಿತರೂ ಷೇರಿನ ಬೆಲೆ ಕೇಳುತ್ತಿದ್ದರು. 'ಇದರಲ್ಲಿ ಹೆಸರು ಇದೆ' ಎಂದು ಜೇಬನ್ನು ತೋರಿಸಿದ. 'ಅವರದರಲ್ಲೂ ಇದೆ' ಎಂದ ಅಧಿಕಾರಿ. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ನಕ್ಕಳು. ಅದರಲ್ಲಿ ಕೊಂಕಿರಲಿಲ್ಲ, ಮೊದಲ ಸಲ ತಾನೂ ಹೀಗೇ ಸಿಕ್ಕಿಬಿದ್ದಿದ್ದನ್ನು ನೆನೆಸಿಕೊಂಡವಳ ನಗು. ಅದೇ ಅವನಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ಆ ಸಾಲಿನವರಿಂದ ಬೇರೆಯವನಾಗಿ ಉಳಿಯಬಹುದಿತ್ತು.

'ಜೀನ್ಸ್ ಬೇಡ ಕಣ್ರೀ' ಎಂದು ಹೆಂಡತಿ ಶೈಲಜಾ ಬೆಳಿಗ್ಗೆ ಹೇಳಿದ್ದಳು. ಅವನು ಇ-ಮೇಲಿನಿಂದ ತಲೆ ಎತ್ತಿರಲಿಲ್ಲ. ತನ್ನ ಹೊಟ್ಟೆಯ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದ. ತನ್ನ ತಮ್ಮ ರಘುವನ್ನು ನೋಡಲು ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಅವಳೇ ಬರುತ್ತಿದ್ದಳು. ಇಲ್ಲಿನ ಕಟ್ಟಳೆಗಳೆಲ್ಲ ಅವಳಿಗೆ ಬಾಯಿಪಾಠ. ಅವನು ಈವರೆಗೆ ಒಮ್ಮೆಯೂ ಬಂದಿರಲಿಲ್ಲ. 'ಆಸ್ಪತ್ರೇಲಿ ಡ್ಯೂಟಿ ಇದೆ ಅಂತ ಹೇಳ್ಬಹುದಿತ್ತು, ಹೇಳಲ್ಲ' ಎಂದಿದ್ದಳು ಮಕ್ಕಳ ಡಾಕ್ಟರಾದ ಅವಳು, ಕಾಫಿ ಲೋಟವನ್ನು ಅವನ ಕೀಬೋರ್ಡಿನ ಮೇಲೇ ಇಟ್ಟು. 'ಈ ಸಲ ನೀವು ಹೋಗಿ. ರಘೂನ ಮನೆಗೆ ಸೇರಿಸಲ್ಲ ಅನ್ನೋದಾದ್ರೆ ನೀವೇ ಹೇಳಿ ಬನ್ನಿ. ನನ್ನ ಬಾಯಲ್ಲಿ ಹೇಳಿಸಬೇಡಿ.' ಮುಂದಿನ ತಿಂಗಳು ರಘುವಿನ ಬಿಡುಗಡೆ. ಬಿಡುಗಡೆ ಆಗಬೇಕಾದರೆ ಯಾವ ವಿಳಾಸಕ್ಕೆ ಹೋಗುತ್ತಾನೆ ಎಂದು ಈ ವಾರದೊಳಗೆ ಹೇಳಬೇಕು. ಅರವಿಂದ ಸೇರಿಸುವುದಿಲ್ಲ ಎಂದಿರಲಿಲ್ಲ. ಇಲ್ಲ ಎನ್ನುವ ಪದವನ್ನು ಅವನು ಮನೆಯಲ್ಲಾಗಲಿ ಮೀಟಿಂಗಿನಲ್ಲಾಗಲಿ ಬಳಸಿದವನೇ ಅಲ್ಲ. ಅವನು ಒಂದು ಏರ್ಪಾಡು ಮಾಡಿದ್ದ. ಯೂನಿಯನ್ ಸಿಟಿಯಲ್ಲಿ, ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಒಂದು ಸ್ಟುಡಿಯೋ ಅಪಾರ್ಟ್‌ಮೆಂಟು. ಒಂದೇ ಕೋಣೆ, ಅಲ್ಲೇ ಅಡಿಗೆ, ಅಲ್ಲೇ ಬಾತ್‌ರೂಮು. ಹಿಂದುಗಡೆ ಬೇಲಿ ಹಾಕಿದ ಸಣ್ಣ ಅಂಗಳ. ನೆರೆಹೊರೆಯಲ್ಲಿ ಕನ್ನಡದವರು ಯಾರೂ ಇಲ್ಲ ಎಂದು ಖಚಿತ ಮಾಡಿಕೊಂಡಿದ್ದ. ಮೌನ, ಬೆಳಕು, ಯೋಚಿಸಲು ಸಮಯ. ಕುಡಿದು ಕಾರು ಓಡಿಸಿ ಒಬ್ಬ ಮನುಷ್ಯನನ್ನು ಕೊಂದವನಿಗೆ ಇದಕ್ಕಿಂತ ಒಳ್ಳೆಯದು ಏನು ಬೇಕು? ಸ್ಯಾನ್ ರಮೋನಿನ ಆಫೀಸ್ ಪಾರ್ಕಿನಲ್ಲಿ ರಘುವಿನ ಕಂಪನಿಯ ಪಾರ್ಟಿ, ಅಲ್ಲಿಂದ ಫ್ರೀವೇ, ಪಕ್ಕಕ್ಕೆ ನಿಲ್ಲಿಸಿ ಟೈರು ಬದಲಿಸುತ್ತಿದ್ದ ಒಬ್ಬಾತ. ಸತ್ತವನ ಹೆಂಡತಿ ಕೋರ್ಟಿನಲ್ಲಿ ಒಮ್ಮೆ ಮಾತ್ರ ರಘುವಿನ ಕಡೆ ತಿರುಗಿ ನೋಡಿದ್ದಳಂತೆ. ಶೈಲಜಾ ಹೇಳಿದ್ದು. ಅರವಿಂದ ಕೋರ್ಟಿಗೂ ಹೋಗಿರಲಿಲ್ಲ. ಅವತ್ತು ರೌಟರು ಬಿಡುಗಡೆಯಾಗುವುದಿತ್ತು. ಈ ಅಂಗಿ ಅದರದ್ದೇ.

ಬೇಲಿಯಾಚೆ ಒಂದು ಹಸಿರು ಬಾಗಿಲಿನ ಮನೆ ಇದೆ, ಅಲ್ಲಿ ಬಟ್ಟೆ ಕೊಡುತ್ತಾರೆ, ಹೋಗಿ ಎಂದಿದ್ದ ಅಧಿಕಾರಿ. ಅರವಿಂದ ಮಂಜಿನಲ್ಲಿ ನಡೆದ. ಕೊಲ್ಲಿಯ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತಿತ್ತು. ತಿರುಗಿ ಕಾರು ಹತ್ತಿ ಹೋಗಿಬಿಡಬಹುದು ಎಂದುಕೊಂಡ. ಬಟ್ಟೆ ಸರಿ ಇಲ್ಲ ಅಂತ ಬಿಡಲಿಲ್ಲ ಎಂದರೆ ಅದು ಸುಳ್ಳೂ ಆಗುವುದಿಲ್ಲ. ಸುಳ್ಳಾಗದಂಥ ಮಾತುಗಳನ್ನು ಜೋಡಿಸುವುದರಲ್ಲಿ ಅವನು ಈಚೆಗೆ ಪಳಗಿದ್ದ. ಶುರುವಾಗಿದ್ದು ಸಣ್ಣದಾಗಿ. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಪ್ರಸಾದದ ತಟ್ಟೆ ಹಿಡಿದುಕೊಂಡು, ಕನ್ನಡ ಕೂಟದ ಕಾರ್ಯದರ್ಶಿ ಚೆಲುವರಾಜು ಕೇಳಿದ್ದ: 'ಏನ್ ಸಾರ್, ನಿಮ್ಮ ಭಾವಮೈದ ಕಾಣಿಸ್ತಾನೇ ಇಲ್ವಲ್ಲ?' ಅರವಿಂದ ಸಜ್ಜಿಗೆ ನುಂಗಿ, 'ಇಂಡಿಯಾಗೆ ಹೋಗಿದ್ದಾನೆ' ಎಂದಿದ್ದ. ಅಷ್ಟೇ. ಆದರೆ ಇಂಡಿಯಾಗೆ ಹೋದವನು ಅಲ್ಲಿ ಏನಾದರೂ ಮಾಡಬೇಕಲ್ಲ. ಮುಂದಿನ ಸಲ ಕೇಳಿದಾಗ ರಘು ಬೆಂಗಳೂರಿನಲ್ಲಿ ಸ್ವಂತ ಕಂಪನಿ ತೆಗೆದಿದ್ದ. ದೀಪಾವಳಿ ಹೊತ್ತಿಗೆ ಕಂಪನಿಗೆ ನಲವತ್ತು ಜನ ಸೇರಿದ್ದರು. ಕಾಲವೇ ಹಾಗಿತ್ತು, ಆ ವರ್ಷ ಯಾರ ಹೆಸರು ಹೇಳಿ ಯಾವ ಕಂಪನಿ ತೆಗೆದ ಎಂದರೂ ಜನ ನಂಬುತ್ತಿದ್ದರು. ನಂಬದೆ ಇದ್ದರೆ ತಾವೇ ಹಿಂದುಳಿದವರಾಗುತ್ತಿದ್ದರು. ಸಂಕ್ರಾಂತಿಯಲ್ಲಿ ಚೆಲುವರಾಜು ಅವನನ್ನು ಕಂಬದ ಮರೆಗೆ ಕರೆದು, ಫ್ರೀಮಾಂಟಿನಲ್ಲಿ ಹಲ್ಲಿನ ಡಾಕ್ಟರಾಗಿರುವ ಹಾಸನದ ಹುಡುಗಿಯೊಬ್ಬಳ ವಿಷಯ ಎತ್ತಿದ. 'ನಿಮ್ಮ ರಘು ಅಂದ್ರೆ ಕಣ್ಮುಚ್ಚಿ ಕೊಡ್ತಾರೆ ಸಾರ್, ಅಂಥಾ ಶಿಸ್ತಿನ ಹುಡುಗ!' ಅರವಿಂದನಿಗೆ ಆ ಕ್ಷಣ ನಿಜವಾಗಿ ಹೆಮ್ಮೆಯಾಗಿತ್ತು. ಮಗಳು ತನ್ವಿ ಪಕ್ಕದಲ್ಲೇ ನಿಂತು ಕಿತ್ತಳೆ ಹಣ್ಣು ಸುಲಿಯುತ್ತಿದ್ದಳು. ಕನ್ನಡ ಆಡದ ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ ಎನ್ನುವುದನ್ನು ಅವನು ಕಾರಿನಲ್ಲಿ ಕೂತಮೇಲೆ ನೆನೆಸಿಕೊಂಡ. ಅವಳು ಏನೂ ಕೇಳಲಿಲ್ಲ. ಮನೆ ಮುಟ್ಟುವವರೆಗೆ ಕಾರಿನ ತುಂಬ ಕಿತ್ತಳೆ ಸಿಪ್ಪೆಯ ವಾಸನೆ ಇತ್ತು.

ಹಸಿರು ಬಾಗಿಲು ತೆರೆದವಳು ಎತ್ತರದ, ಒಣಗಿದ, ಬಿಳಿಗೂದಲಿನ ಮುದುಕಿ. ಅವನ ಬಟ್ಟೆಯನ್ನು ನೋಡಿದ್ದೇ 'ಓ ದೇವರೇ, ಪೂರ್ತಿ ಸೆಟ್ಟು!' ಎಂದು ನಕ್ಕು, ಹೆಸರು ವಿನಿಫ್ರೆಡ್ ಎಂದು ಹೇಳಿ ಒಳಗೆ ಎಳೆದುಕೊಂಡಳು. ಈ ಮನೆಯನ್ನು ಕ್ವೇಕರುಗಳು ನಡೆಸುತ್ತಾರೆ, ಜೈಲಿಗೆ ಬಂದವರು ಕಾಯಲಿಕ್ಕೆ, ಕಾಫಿ ಕುಡಿಯಲಿಕ್ಕೆ, ಅಳಲಿಕ್ಕೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಕ್ವೇಕರ್ ಎಂದರೆ ಅರವಿಂದನಿಗೆ ಗೊತ್ತಿದ್ದುದು ಓಟ್ಸ್ ಡಬ್ಬಿಯ ಮೇಲಿನ ಟೋಪಿಯ ಮನುಷ್ಯ ಮಾತ್ರ. ಶೈಲಜಾ ಅದರಲ್ಲಿ ಉಪ್ಪಿಟ್ಟು ಮಾಡುತ್ತಾಳೆ. ವಿನಿಫ್ರೆಡ್ ಬೀರುವಿನಿಂದ ಗಿಳಿಗಳ ಚಿತ್ರವಿದ್ದ ಒಂದು ಹಳದಿ ಅಂಗಿ, ಕಂದು ಬಣ್ಣದ ಒಂದು ದೊಗಳೆ ಪ್ಯಾಂಟು ತೆಗೆದಳು. 'ನಿಮ್ಮ ಸೊಂಟಕ್ಕೆ ಇದೊಂದೇ. ನನ್ನ ಗಂಡನದು.' ಅರವಿಂದ ಸೌಜನ್ಯಕ್ಕೆ, 'ಅವರಿಗೆ ಬೇಕಾಗಬಹುದು' ಎಂದ. 'ಸಾಧ್ಯವಿಲ್ಲ' ಎಂದಳು ವಿನಿಫ್ರೆಡ್, 'ಸತ್ತು ಮೂರು ವರ್ಷವಾಯಿತು.' ಮೈಸೂರಿನಲ್ಲಿ ಅವನ ತಾಯಿ ಅಗಸರು ಒಗೆದ ಬಟ್ಟೆಯನ್ನು ಇನ್ನೊಮ್ಮೆ ನೀರಿಗೆ ಹಾಕದೆ ಮುಟ್ಟಿದವರಲ್ಲ. ಬಚ್ಚಲ ಕೋಣೆಯಲ್ಲಿ ಒಂಟಿ ಕಾಲಲ್ಲಿ ನಿಂತು, ಸತ್ತ ಕ್ರೈಸ್ತನೊಬ್ಬನ ಪ್ಯಾಂಟಿನೊಳಗೆ ಇನ್ನೊಂದು ಕಾಲನ್ನು ಇಳಿಸುತ್ತ, ಅವನು ಕನ್ನಡಿ ನೋಡದಿರಲು ಬಹಳ ಪ್ರಯತ್ನಪಟ್ಟ. ಬಟ್ಟೆ ಬೆಚ್ಚಗಿತ್ತು. ಆ ಬೆಚ್ಚಗಿನದು ಯಾರದು ಎಂಬ ಯೋಚನೆ ಬಂದು, ಹೀಟರಿನದು, ಹೀಟರಿನ ಪಕ್ಕದ ಬೀರುವಿನದು ಎಂದು ತನಗೆ ತಾನೇ ತಾಂತ್ರಿಕ ಉತ್ತರ ಕೊಟ್ಟುಕೊಂಡ.

ಪ್ಯಾಂಟಿನ ಕಾಲು ಉದ್ದವಾಗಿತ್ತು. ವಿನಿಫ್ರೆಡ್ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಅವನ ಪಾದದ ಬಳಿ ಕುಕ್ಕರಗಾಲಲ್ಲಿ ಕೂತಳು. ವಯಸ್ಸಾದವರು ತನ್ನ ಕಾಲ ಬಳಿ ಕೂತದ್ದಕ್ಕೆ ಇರಿಸುಮುರಿಸಾಗಿ ಅವನು ಗೋಡೆ ನೋಡಿದ. ಅಲ್ಲಿ ಒಂದು ಹಳೆಯ ನಕ್ಷೆ ತೂಗುಹಾಕಿತ್ತು. ಗಾಡಿ ಚಕ್ರದಂತೆ, ನಡುವೆ ದುಂಡನೆಯ ಒಂದು ಕಟ್ಟಡ, ಅದರಿಂದ ಸುತ್ತಲೂ ಹೊರಟ ಉದ್ದನೆಯ ಕಡ್ಡಿಗಳು, ಒಂದೊಂದು ಕಡ್ಡಿಯ ಎರಡೂ ಬದಿಗೆ ಜೇನುಗೂಡಿನಂತೆ ಕೋಣೆಗಳು. ಜೀವಮಾನವೆಲ್ಲ ಜಾಲಗಳನ್ನು ಕಟ್ಟಿದವನ ಕಣ್ಣಿಗೆ ಅದು ಸೊಗಸಾಗಿ ಕಂಡಿತು. 'ಒಳ್ಳೆಯ ಡಿಸೈನು' ಎಂದ.

'ನಮ್ಮವರದು' ಎಂದಳು ಅವಳು ಪಿನ್ನುಗಳ ನಡುವಿನಿಂದ. 'ಫಿಲಡೆಲ್ಫಿಯಾದ ಜೈಲು, ಹದಿನೆಂಟುನೂರ ಇಪ್ಪತ್ತರ ಕಾಲದ್ದು. ನಮ್ಮ ಮುತ್ತಾತನ ಅಪ್ಪ ಅದರ ಕಮಿಟಿಯಲ್ಲಿದ್ದ.'

ಕಮಿಟಿ ಎಂದದ್ದೇ ಅರವಿಂದನಿಗೆ ಆಸಕ್ತಿ ಹುಟ್ಟಿತು. ಅವಳು ಹೇಳುತ್ತ ಹೋದಳು. ಅದಕ್ಕೂ ಮುಂಚೆ ಜೈಲು ಅಂದರೆ ಒಂದು ದೊಡ್ಡ ಕೊಳಕು ಕೋಣೆ, ಗಂಡಸು ಹೆಂಗಸು ಮಕ್ಕಳು ಎಲ್ಲ ಒಂದೇ ಕಡೆ, ಕಾವಲಿನವನೇ ಹೆಂಡ ಮಾರುವವನು. ಕೊರಡೆ ಏಟು, ನೇಣು. ಇವರ ಹಿರಿಯರಿಗೆ ಅದನ್ನು ನೋಡಲಾಗಲಿಲ್ಲ. ಮನುಷ್ಯನ ಒಳಗೆ ದೇವರ ಬೆಳಕು ಇದೆ, ಅವನನ್ನು ಹೊಡೆಯುವುದು ಬೇಡ, ಸುಮ್ಮನೆ ಒಬ್ಬನೇ ಕೂರಲು ಬಿಡೋಣ, ಬೆಳಕು ತಾನೇ ಕಾಣುತ್ತದೆ ಎಂದರು. ಒಬ್ಬೊಬ್ಬನಿಗೂ ಒಂದೊಂದು ಕೋಣೆ. ಮೇಲೆ ಆಕಾಶಕ್ಕೆ ತೆರೆದ ಒಂದು ಗಾಜಿನ ಕಿಂಡಿ. ನಲ್ಲಿ ನೀರು, ಚಳಿಗಾಲಕ್ಕೆ ಬಿಸಿಗಾಳಿ. ಅಮೆರಿಕದ ಅಧ್ಯಕ್ಷನ ಮನೆಯಲ್ಲೇ ಆಗ ಅದೆಲ್ಲ ಇರಲಿಲ್ಲವಂತೆ. ಹಿಂದುಗಡೆ ಗೋಡೆ ಹಾಕಿದ ಸಣ್ಣ ಅಂಗಳ.

'ಅಟ್ಯಾಚ್ಡ್ ಬಾತ್‌ರೂಮು' ಎಂದ ಅರವಿಂದ, ತನ್ನ ಧ್ವನಿ ತನಗೇ ದೂರದಿಂದ ಕೇಳಿಸುತ್ತಿರುವಂತೆ.

'ಹೌದು! ಪ್ರತಿಯೊಬ್ಬನಿಗೂ.' ಅವಳು ಇನ್ನೊಂದು ಕಾಲಿಗೆ ಬಂದಳು. 'ಹೊರಗೆ ಕರೆದೊಯ್ಯುವಾಗ ತಲೆಗೆ ಮುಸುಕು ಹಾಕುತ್ತಿದ್ದರು. ಅದೂ ದಯೆಯಿಂದಲೇ. ಬಿಡುಗಡೆಯಾದ ಮೇಲೆ ಬೀದಿಯಲ್ಲಿ ಯಾರೂ ಗುರುತು ಹಿಡಿದು ಅವಮಾನ ಮಾಡಬಾರದು ಅಂತ. ಕಾವಲಿನವರು ಬೂಟಿನ ಮೇಲೆ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದರು, ಸದ್ದಿನಿಂದ ಅವರ ಧ್ಯಾನ ಕೆಡದಿರಲಿ ಅಂತ. ಎಲ್ಲಾ ಯೋಚನೆ ಮಾಡಿದ್ದರು. ಒಳ್ಳೆಯ ಜನ, ತುಂಬಾ ಒಳ್ಳೆಯ ಜನ.'

'ಆಮೇಲೆ?'

'ಆಮೇಲೆ ಹುಚ್ಚು ಹಿಡಿಯಿತು. ಎಲ್ಲರಿಗೂ ಅಲ್ಲ. ಸಾಕಷ್ಟು ಜನಕ್ಕೆ.'

ಪಿನ್ನು ಅವನ ಕಣಕಾಲಿಗೆ ತಾಗಿತು. ಅವನು ಕದಲಲಿಲ್ಲ. 'ನಿಮ್ಮ ಹಿರಿಯರು ಏನು ಮಾಡಿದರು?' ಎಂದು ಕೇಳಿದ. ಉತ್ತರ ತನಗೆ ತುರ್ತಾಗಿ ಬೇಕಾಗಿದೆ ಎಂದು ಕೇಳಿದ ಮೇಲೆ ತಿಳಿಯಿತು.

'ಕೆಲವರು ಸಾಯುವವರೆಗೂ ತಮ್ಮದೇ ಸರಿ ಅಂದರು. ಕೆಲವರು ತಪ್ಪಾಯಿತು ಅಂದರು, ಬಹಳ ತಡವಾಗಿ. ನಮ್ಮ ತಾತನಿಗೆ ಇದರಲ್ಲಿ ಸಮಾಧಾನವೇ ಇರಲಿಲ್ಲ, ನಮ್ಮ ದಯೆಯನ್ನೇ ನಾವು ಕಾವಲು ಕಾಯಬೇಕು ಅನ್ನುತ್ತಿದ್ದ. ಆದರೆ ಎರಡು ಪಂಗಡದವರೂ ಒಂದು ಮಾತ್ರ ಬಿಡಲಿಲ್ಲ. ನೋಡಲಿಕ್ಕೆ ಹೋಗುವುದು. ವಾರ ವಾರ, ಕೋಣೆಯಿಂದ ಕೋಣೆಗೆ, ಕೂತು ಮಾತಾಡಿಸಿ ಬರುವುದು.' ಅವಳು ಮೊಣಕಾಲು ಹಿಡಿದು ಎದ್ದಳು. 'ಅದಕ್ಕೂ ಮೊದಲು ಲಂಡನ್ನಿನಲ್ಲಿ ಒಬ್ಬಳು ಕ್ವೇಕರ್ ಹೆಂಗಸು, ಕಾವಲಿನವರೇ ಹೆದರುತ್ತಿದ್ದ ಹೆಂಗಸರ ಜೈಲಿನೊಳಗೆ ಹೋಗಿ ನಿಂತಳು. ಬೋಧನೆ ಮಾಡಲಿಲ್ಲ. ಇಲ್ಲಿ ಏನೇನು ನಿಯಮ ಇರಬೇಕು ಅಂತ ಒಂದೊಂದಾಗಿ ಓದಿ, ಒಪ್ಪಿಗೆ ಇದ್ದರೆ ಕೈ ಎತ್ತಿ ಅಂದಳು. ಕಳ್ಳಿಯರು, ಕುಡುಕಿಯರು ಎಲ್ಲರೂ. ಅವರನ್ನು ಅದಕ್ಕೆ ಮುಂಚೆ ಯಾರೂ ಏನನ್ನೂ ಕೇಳಿರಲಿಲ್ಲ.'

ಯಾವ ಸ್ವಾಗತ ಸಮಿತಿಯೂ ಕರೆಯದೆ ಬಾಗಿಲಲ್ಲಿ ಹೋಗಿ ನಿಂತ ಆ ಹೆಂಗಸಿನ ಬಗ್ಗೆ ಅರವಿಂದನಿಗೆ ಅಸೂಯೆಯಂಥ ಗೌರವ ಹುಟ್ಟಿತು. ತಾನು ಕರೆಯದೆ ಎಲ್ಲಿಗೂ ಹೋದವನಲ್ಲ. ಕರೆದಲ್ಲಿಗೂ ಕಾರ್ಡು ಬಂದ ಮೇಲೆ. ಯೂನಿಯನ್ ಸಿಟಿಯ ಕೋಣೆ ನೋಡಿದ ದಿನ ಅವನು ಒಳಗೆ ನಿಂತು ಬಾಗಿಲು ಹಾಕಿ, ಪಕ್ಕದ ಮನೆಯ ಸದ್ದು ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಿದ್ದ. ಏನೂ ಕೇಳಿರಲಿಲ್ಲ. ಎಷ್ಟು ಸಂತೋಷವಾಗಿತ್ತು! ಒಳ್ಳೆಯ ಜನ, ತುಂಬಾ ಒಳ್ಳೆಯ ಜನ.

ಮುಂದಿನ ಕೋಣೆಯಲ್ಲಿ ಆಗಲೇ ಜನ ಸೇರಿದ್ದರು. ಮಂಜು ಕರಗಿ ಒಳಗೆ ಕೈದಿಗಳ ತಲೆ ಎಣಿಕೆ ಮುಗಿಯುವ ತನಕ ಯಾರನ್ನೂ ಬಿಡುವುದಿಲ್ಲವಂತೆ. ಕುರ್ಚಿಗಳನ್ನು ದುಂಡಗೆ ಹಾಕಿತ್ತು. ಹೆಣಿಗೆ ಹಿಡಿದ ಕಪ್ಪು ಅಜ್ಜಿಯೊಬ್ಬಳು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಮೆಕ್ಸಿಕನ್ ಹೆಂಗಸು, ವಿನಿಫ್ರೆಡ್ಡಳ ಜೊತೆಗಾರರಿರಬಹುದಾದ ನಾಲ್ಕಾರು ಮುದುಕರು. ಎಲ್ಲರೂ ಸುಮ್ಮನೆ ಕೂತಿದ್ದರು. ಅರವಿಂದ ಗಿಳಿಗಳ ಅಂಗಿಯನ್ನು ಎಳೆದುಕೊಂಡು ಒಂದು ಕುರ್ಚಿ ಹಿಡಿದ. ವಿನಿಫ್ರೆಡ್ ಎದುರಿಗೆ ಕೂತು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಏನೋ ಕಾರ್ಯಕ್ರಮವಿದೆ, ಮುಖ್ಯ ಅತಿಥಿ ಇನ್ನೂ ಬಂದಿಲ್ಲ ಎಂದು ಅರವಿಂದನಿಗೆ ಅರ್ಥವಾಯಿತು. ಇದು ಅವನಿಗೆ ಚೆನ್ನಾಗಿ ಗೊತ್ತಿದ್ದ ಪರಿಸ್ಥಿತಿ. ಎರಡನೆಯ ಅವಧಿಗೆ ಕೂಟದ ಅಧ್ಯಕ್ಷನಾಗಿದ್ದ ಅವನು, ಬಾರದ ಅತಿಥಿಗಳಿಗಾಗಿ ಎಷ್ಟೋ ಯುಗಾದಿ, ರಾಜ್ಯೋತ್ಸವಗಳನ್ನು ಕಾದು ಕಳೆದವನು. ಅಂಥ ಹೊತ್ತಿನಲ್ಲಿ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂಬುದನ್ನು ರೂಢಿಸಿಕೊಂಡಿದ್ದ. ಆ ಮುಖವನ್ನು ಇಟ್ಟುಕೊಂಡ. ಹೊತ್ತು ಹೋಯಿತು. ಯಾರೂ ಗಡಿಯಾರ ನೋಡಲಿಲ್ಲ, ಬಾಗಿಲ ಕಡೆ ನೋಡಲಿಲ್ಲ. ಯಾರೂ ಎದ್ದು ಅತಿಥಿಗಳು ದಾರಿಯಲ್ಲಿದ್ದಾರೆ ಎನ್ನಲಿಲ್ಲ. ಚೆಲುವರಾಜು ಇದ್ದಿದ್ದರೆ ಇಷ್ಟು ಹೊತ್ತಿಗೆ ಮೂರು ಮಕ್ಕಳ ಕೈಲಿ ಹಾಡಿಸಿರುತ್ತಿದ್ದ. ಹೆಣಿಗೆ ಕಡ್ಡಿಗಳ ಸದ್ದು, ಮಗುವಿನ ಉಸಿರು, ದೂರದಲ್ಲಿ ಕೊಲ್ಲಿಯ ಮೇಲೆ ಒಂದು ಹಡಗಿನ ಕೂಗು. ಪಾಪ, ಇವರ ಅತಿಥಿ ಕೈಕೊಟ್ಟಿದ್ದಾನೆ. ಅದನ್ನು ಹೇಳಲು ನಾಚಿಕೊಂಡು ಕೂತಿದ್ದಾರೆ. ಅಷ್ಟರಲ್ಲಿ ವಿನಿಫ್ರೆಡ್ ತಲೆ ಎತ್ತಿ ಅವನನ್ನು ನೋಡಿ ಮುಗುಳ್ನಕ್ಕಳು. ಆ ನಗು ಅವನಿಗೆ ಪರಿಚಿತ. ನಿಮ್ಮಿಂದ ಎರಡು ಮಾತು ಸಾರ್, ಎನ್ನುವ ನಗು. ಪ್ಯಾಂಟು ಕೊಟ್ಟವಳನ್ನು ಕೈಬಿಡುವುದು ಹೇಗೆ? ಅರವಿಂದ ಎದ್ದು ನಿಂತ.

ಗೌರವಾನ್ವಿತ ಹಿರಿಯರೇ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದ. ತಾನು ದೊಡ್ಡ ಭಾಷಣಕಾರನಲ್ಲ ಎಂದ. ಇದು ಅವನ ಎಲ್ಲ ಭಾಷಣಗಳ ಎರಡನೆಯ ವಾಕ್ಯ. ಇಷ್ಟು ಚೊಕ್ಕವಾಗಿ ಏರ್ಪಾಡು ಮಾಡಿದ ಸಂಘಟಕರಿಗೆ, ಮುಖ್ಯವಾಗಿ ಬಟ್ಟೆಯ ಏರ್ಪಾಡಿಗೆ, ವಂದನೆ ಸಲ್ಲಿಸಿದ. ಯಾರೂ ನಗಲಿಲ್ಲ, ಯಾರೂ ಅಚ್ಚರಿಪಡಲೂ ಇಲ್ಲ. ಎಲ್ಲರೂ ಅವನನ್ನು ಕೇಳುತ್ತಿದ್ದರು. ಮಾತು ಮುಗಿದು ಊಟ ಶುರುವಾಗಲಿ ಎಂಬ ಆತುರವಿಲ್ಲದೆ ಒಂದು ಸಭೆ ತನ್ನನ್ನು ಕೇಳಿದ್ದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು. ಮೂರನೆಯ ಭಾಗಕ್ಕೆ ಬಂದ. ನಾವೆಲ್ಲ ಇವತ್ತು ಇಲ್ಲಿ ಯಾಕೆ ಸೇರಿದ್ದೇವೆ ಎಂದರೆ, ಎಂದ. ಆ ವಾಕ್ಯ ಯಾವಾಗಲೂ ಸಂಸ್ಕೃತಿಯ ಕಡೆ ತಿರುಗುತ್ತಿತ್ತು. ಇಲ್ಲಿ ತಿರುಗಲು ದಾರಿ ಇರಲಿಲ್ಲ. ನಿಂತ. ಯಾರೂ ಎತ್ತಿಕೊಡಲಿಲ್ಲ. 'ನಮ್ಮವರು ಒಳಗಿದ್ದಾರೆ, ಅದಕ್ಕೆ' ಎಂದ. ಆಮೇಲೆ ಇನ್ನೊಂದು ವಾಕ್ಯ ಬಂತು, ಅದು ಯಾವ ಭಾಗಕ್ಕೂ ಸೇರಿದ್ದಲ್ಲ. 'ನನ್ನ ಹೆಂಡತಿಯ ತಮ್ಮ ಒಳಗಿದ್ದಾನೆ. ನಾನು ಎಲ್ಲರಿಗೂ ಅವನು ಇಂಡಿಯಾದಲ್ಲಿದ್ದಾನೆ ಅಂತ ಹೇಳಿದ್ದೇನೆ.' ಕೂತುಕೊಂಡ. ಜೀವನದಲ್ಲಿ ಮೊದಲ ಬಾರಿಗೆ ಅವನ ಮಾತಿಗೆ ಚಪ್ಪಾಳೆ ಬೀಳಲಿಲ್ಲ. ಕಪ್ಪು ಅಜ್ಜಿ ಮಾತ್ರ ಹೆಣಿಗೆಯಿಂದ ತಲೆ ಎತ್ತದೆ 'ಹ್ಞೂಂ' ಎಂದಳು. ಮತ್ತೆ ಎಲ್ಲ ಸುಮ್ಮನಾಯಿತು. ಅವನ ಮಾತು ನೀರಿಗೆ ಬಿದ್ದ ಕಲ್ಲಿನ ಹಾಗೆ ಇಳಿಯುತ್ತಲೇ ಇತ್ತು, ತಳ ಮುಟ್ಟಿದ ಸದ್ದಿಗಾಗಿ ಅವನೂ ಕಿವಿಗೊಟ್ಟು ಕೂತ.

ಕೊನೆಗೆ ವಿನಿಫ್ರೆಡ್ ಪಕ್ಕದವರ ಕೈ ಕುಲುಕಿದಳು, ಅವರು ಪಕ್ಕದವರದು, ಹೀಗೆ ಸುತ್ತು ಬಂತು. ಬಾಗಿಲಲ್ಲಿ ಅವನು ತಗ್ಗಿದ ದನಿಯಲ್ಲಿ, 'ನಿಮ್ಮ ಮುಖ್ಯ ಅತಿಥಿ ಬರಲೇ ಇಲ್ಲವಲ್ಲ' ಎಂದ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. 'ಯಾರೂ ಬರುವುದಿರಲಿಲ್ಲ. ಭಾನುವಾರ ನಾವು ಹೀಗೇ ಕೂರುತ್ತೇವೆ. ಅದೇ ನಮ್ಮ ಪ್ರಾರ್ಥನೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಆಡುತ್ತಾರೆ.' 'ಬರದಿದ್ದರೆ?' 'ಸಾಮಾನ್ಯವಾಗಿ ಬರುವುದಿಲ್ಲ' ಎಂದಳು ಗಂಭೀರವಾಗಿ. ಅರವಿಂದನ ಕಿವಿ ಬಿಸಿಯಾಯಿತು. ಪೂಜೆಯ ನಡುವೆ ಎದ್ದು ವಂದನಾರ್ಪಣೆ ಮಾಡಿದ್ದ. ಅವರು ತಡೆಯಲಿಲ್ಲ, ತಿದ್ದಲಿಲ್ಲ, ಜಾಗ ಬಿಟ್ಟು ಕೇಳಿಸಿಕೊಂಡರು. ಎಂಥ ಜನ ಇವರು ಎಂದುಕೊಳ್ಳುತ್ತ, ಕಂದು ಪ್ಯಾಂಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಜೈಲಿನ ಕಡೆ ನಡೆದ.

ಭೇಟಿಯ ಕೋಣೆಯಲ್ಲಿ ಮೊಣಕಾಲೆತ್ತರದ ಮೇಜುಗಳಿದ್ದವು. ರಘು ನೀಲಿ ಡೆನಿಮ್ಮಿನಲ್ಲಿ ಬಂದ. ತೆಳ್ಳಗಾಗಿದ್ದ, ತಲೆಗೂದಲು ಹಿಂದೆ ಸರಿದಿತ್ತು. ಅಕ್ಕನನ್ನು ಹುಡುಕುತ್ತ ಬಂದ ಕಣ್ಣು ಗಿಳಿಗಳ ಮೇಲೆ ಬಿದ್ದು ಅಲ್ಲೇ ನಿಂತಿತು. 'ಭಾವ?' ಎಂದ. 'ಇದೇನು ಅವತಾರ?'

'ಅಂಗಿ ನನ್ನದಲ್ಲ.'

'ಗೊತ್ತಾಗುತ್ತೆ.' ರಘು ನಕ್ಕು, ನಕ್ಕದ್ದಕ್ಕೆ ಅಪ್ಪಣೆ ಇದೆಯೋ ಎಂಬಂತೆ ಕಾವಲಿನವನ ಕಡೆ ಒಮ್ಮೆ ನೋಡಿ ಕೂತ. ಸ್ವಲ್ಪ ಹೊತ್ತು ಅಕ್ಕನ ಆರೋಗ್ಯ, ಟ್ರಾಫಿಕ್ಕು. ಆಮೇಲೆ ರಘು ಕೇಳಿದ: 'ಅದಿರಲಿ, ಇಂಡಿಯಾದಲ್ಲಿ ನಾನು ಹೇಗಿದ್ದೀನಿ? ಅಕ್ಕ ಪೂರ್ತಿ ಹೇಳಲ್ಲ, ಅಳ್ತಾಳೆ.'

ಅರವಿಂದ ನೆಲ ನೋಡಿದ. 'ಚೆನ್ನಾಗಿದ್ದೀಯ.'

'ಕಂಪನಿ?'

'ಎಂಬತ್ತು ಜನ ಆಗಿದಾರೆ.'

'ಅಯ್ಯೋ, ಇಷ್ಟು ಬೇಗ ಬೆಳೀಬಾರದು ಭಾವ, ಮುಳುಗುತ್ತೆ.'

'ಹೆಣ್ಣೂ ಬಂದಿದೆ. ಹಾಸನದ ಕಡೆಯವರು. ಹಲ್ಲಿನ ಡಾಕ್ಟರು.' ರಘು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕ, ಭುಜಗಳು ಕುಲುಕಿದವು, ನಿಂತ ಮೇಲೂ ಕೈಗಳನ್ನು ತೆಗೆಯಲಿಲ್ಲ. ಕೈಗಳ ಹಿಂದಿನಿಂದಲೇ, ಬೇರೆ ಧ್ವನಿಯಲ್ಲಿ, 'ನೀವು ಯಾಕೆ ಬಂದ್ರಿ ಅಂತ ಗೊತ್ತು' ಎಂದ. 'ಯೂನಿಯನ್ ಸಿಟೀಲಿ ರೂಮು ನೋಡಿದ್ದೀರಂತೆ. ಥ್ಯಾಂಕ್ಸ್ ಭಾವ. ನಿಜವಾಗ್ಲೂ. ನನಗೂ ಅದೇ ಸರಿ ಅನ್ಸುತ್ತೆ. ನಿಮಗೆ ಮರ್ಯಾದೆ ಪ್ರಶ್ನೆ, ತನ್ವಿ ಬೆಳೀತಿದಾಳೆ. ಅಲ್ಲಿ ಒಬ್ಬನೇ ಆರಾಮಾಗಿ ಇರ್ತೀನಿ. ಯಾರಿಗೂ ತೊಂದರೆ ಬೇಡ.'

ದಾರಿಯುದ್ದಕ್ಕೂ ಅರವಿಂದ ಹೊಂದಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಇವೇ, ಇದೇ ಕ್ರಮದಲ್ಲಿ. ಒಂದನ್ನೂ ಅವನು ಆಡಬೇಕಾಗಿರಲಿಲ್ಲ. ತಲೆ ಆಡಿಸಿದರೆ ಸಾಕಿತ್ತು. ಮನೆಗೆ ಹೋಗಿ, ಅವನೇ ಬೇಡ ಅಂದ ಎಂದು ಶೈಲಜಾಳಿಗೆ ಹೇಳಬಹುದಿತ್ತು, ಅದೂ ಸುಳ್ಳಾಗುತ್ತಿರಲಿಲ್ಲ. ಇಷ್ಟು ಸುಲಭವಾಗಿ ಯಾವ ಕೆಲಸವೂ ಅವನ ಜೀವನದಲ್ಲಿ ಆಗಿರಲಿಲ್ಲ. 'ಇಲ್ಲ' ಎಂದ.

'ಏನು ಇಲ್ಲ?'

'ಆ ರೂಮು ಬೇಡ. ಅದು ಸರಿಯಿಲ್ಲ. ಮನೆಗೆ ಬಾ.'

ರಘು ಕೈ ತೆಗೆದ. ಅವನ ಮುಖದಲ್ಲಿ ಅರವಿಂದ ನಿರೀಕ್ಷಿಸಿದ್ದ ಕೃತಜ್ಞತೆ ಇರಲಿಲ್ಲ. 'ಯಾಕೆ, ರೂಮಿಗೆ ಏನಾಯ್ತು? ನೀವೇ ನೋಡಿದ್ದು.'

'ನಾನೇ ನೋಡಿದ್ದು. ಅದಕ್ಕೇ.'

'ಏನ್ ಭಾವ, ಎಲ್ಲಾ ನಿಮ್ಮ ಇಷ್ಟ ಬಂದ ಹಾಗೇನಾ?' ರಘುವಿನ ದನಿ ಏರಲಿಲ್ಲ. ಇಲ್ಲಿ ಏರಿಸದೆ ಸಿಟ್ಟು ಮಾಡಲು ಕಲಿತಿದ್ದ. 'ಇಷ್ಟು ದಿನ ಒಂದ್ಸಲ ಬರಲಿಲ್ಲ. ಕೋರ್ಟಿಗೆ ಬರಲಿಲ್ಲ. ಆ ಹೆಂಗಸು ನನ್ನ ತಿರುಗಿ ನೋಡಿದಾಗ ನನ್ನ ಹಿಂದೆ ಅಕ್ಕ ಒಬ್ಬಳೇ ಕೂತಿದ್ಲು. ನಿಮ್ಮ ಕುರ್ಚಿ ಖಾಲಿ ಇತ್ತು. ಇವತ್ತು ಬಂದು, ಮನೆಗೆ ಬಾ ಅಂತ ದೊಡ್ಡ ಮನುಷ್ಯ ಆಗ್ತೀರಾ? ನಾನು ಬೇಡ ಅಂತ ಒಪ್ಕೊಂಡಾಗ್ಲೂ ನೀವೇ ಗೆಲ್ಲಬೇಕಾ?'

'ಹೌದು' ಎಂದ ಅರವಿಂದ. 'ಬರಲಿಲ್ಲ.'

ಮುಂದಿನ ಮಾತಿಗೆ ರಘು ಕಾದ. ಅರವಿಂದನಿಗೂ ಅದು ಅಭ್ಯಾಸ. ತಪ್ಪೊಪ್ಪಿಗೆಯ ಹಿಂದೆಯೇ ಒಂದು ಆದರೆ ಬರಬೇಕು, ಅದರ ಹಿಂದೆ ಕೆಲಸದ ಒತ್ತಡ, ಅದರ ಹಿಂದೆ ಸದುದ್ದೇಶ. ಎಲ್ಲ ನಾಲಿಗೆಯ ತುದಿಯಲ್ಲಿ ಸಾಲು ನಿಂತಿದ್ದವು. ಒಂದೂ ಹೊರಗೆ ಬರಲಿಲ್ಲ. ರಘು ಕುರ್ಚಿಯನ್ನು ಓರೆ ಮಾಡಿ ಗೋಡೆಯ ಕಡೆ ತಿರುಗಿದ. ಪಕ್ಕದ ಮೇಜಿನಲ್ಲಿ ಯಾರೋ ಅಪ್ಪ ಮಗು ಇಸ್ಪೀಟು ಆಡುತ್ತಿದ್ದರು. ಮಗು ಮೋಸ ಮಾಡುತ್ತಿತ್ತು, ಅಪ್ಪ ನೋಡದವನಂತೆ ಇದ್ದ. ಎದ್ದು ಹೋಗಬಹುದಿತ್ತು. ಈಗ ಹೋದರೆ ಮರ್ಯಾದೆಯಿಂದ ಹೋದಂತೆಯೂ ಆಗುತ್ತಿತ್ತು. ಅರವಿಂದ ಕೂತೇ ಇದ್ದ. ರಘುವಿನ ಕುತ್ತಿಗೆಯ ಹಿಂದೆ ಅಂಕುಡೊಂಕಾಗಿ ಕತ್ತರಿಸಿದ ಕೂದಲು, ಕಿವಿಯ ಹಿಂದೆ ಒಂದು ಹೊಸ ಗಾಯದ ಗುರುತು. ಎಲ್ಲಿ ಹೇಗಾಯಿತು ಎಂದು ಕೇಳಲು ತನಗೆ ಇನ್ನೂ ಹಕ್ಕಿಲ್ಲ ಎನಿಸಿ, ಅದನ್ನು ನೋಡುತ್ತ ಕೂತ. ಅಪ್ಪ ಸೋತ, ಮಗು ಮತ್ತೆ ಎಲೆ ಹಂಚಿತು, ಅಪ್ಪ ಮತ್ತೆ ಸೋತ. ಮುಗಿಯುತ್ತ ಬಂತು, ಇನ್ನು ಐದು ನಿಮಿಷ ಎಂದು ಕಾವಲಿನವನು ಕೂಗಿದ. ಎಲ್ಲರೂ ಒಮ್ಮೆಲೇ ಹೇಳಬೇಕಾದ್ದನ್ನು ಹೇಳತೊಡಗಿ ಕೋಣೆ ಗಿಜಿಗುಟ್ಟಿತು.

'ತನ್ವಿ' ಎಂದ ರಘು, ಗೋಡೆಗೆ ಹೇಳುವಂತೆ. 'ಅವಳಿಗೆ ಗೊತ್ತಾ?'

'ಗೊತ್ತಿದೆ ಅನ್ಸುತ್ತೆ. ಕೇಳಿಲ್ಲ. ಇವತ್ತು ನಾನೇ ಹೇಳ್ತೀನಿ.'

ರಘು ಕುರ್ಚಿಯನ್ನು ಮತ್ತೆ ಮೇಜಿನ ಕಡೆ ತಿರುಗಿಸಿದ. 'ನನ್ನ ಹತ್ರ ಮಾತಾಡ್ತಾಳಾ?'

ಸಮಾಧಾನದ ಮಾತೊಂದು ಸುಲಭವಾಗಿ ಸಿಗುತ್ತಿತ್ತು. ಅರವಿಂದ ಯೋಚನೆ ಮಾಡಿದ.

'ಆಡ್ತಾಳೆ. ಇಂಗ್ಲಿಷಲ್ಲಿ.'

'ಆಗಬಹುದು' ಎಂದ ರಘು.